ಪಾಪುಗಳ ಹೆಸರಿದೆ, ನಿನ್ನದಿಲ್ಲ

ಕೆಳಗಿನ ಮನೆಯ ಹುಡುಗನಿಗೆ ಹತ್ತು ವರ್ಷ. ನಾನು ಗೇಮ್ ಕಂಪನಿಯ ಕೆಲಸದಲ್ಲಿದ್ದೇನೆ ಅಂತ ಗೊತ್ತಾದ ದಿನದಿಂದ ಇಡೀ ಮಾಂಟ್ರಿಯಲ್‌ನಲ್ಲಿ ಅವನಿಗೆ ನನಗಿಂತ ದೊಡ್ಡವರು ಯಾರೂ ಇಲ್ಲ. ಹೋದ ವಾರ ನಾನು ಕೆಲಸ ಮಾಡಿದ ಗೇಮ್ ಪೂರ್ತಿ ಆಡಿ ಮುಗಿಸಿದ. ಕೊನೆಯಲ್ಲಿ ಹೆಸರುಗಳ ಪಟ್ಟಿ ಬರುತ್ತದಲ್ಲ, ಅಷ್ಟೊತ್ತಿಗೆ ಎಲ್ಲರೂ ಎದ್ದು ಹೋಗುತ್ತಾರೆ. ಇವನು ನನ್ನ ಹೆಸರು ಹುಡುಕುತ್ತಾ ಕೊನೆಯವರೆಗೂ ಕೂತಿದ್ದಾನೆ. ಮರುದಿನ ಮೆಟ್ಟಿಲ ಹತ್ತಿರ ಸಿಕ್ಕವನೇ ಕೇಳಿದ: "ಅಲ್ಲಿ ಪಾಪುಗಳ ಹೆಸರೂ ಇದೆ, ನಿನ್ನದಿಲ್ಲ. ನೀನು ನಿಜವಾಗ್ಲೂ ಅಲ್ಲಿ ಕೆಲಸ ಮಾಡಿದ್ಯಾ?"

ಪಾಪುಗಳ ಹೆಸರಿರುವುದು ನಿಜ. ಗೇಮ್ ತಯಾರಾಗುವ ವರ್ಷಗಳಲ್ಲಿ ಅಲ್ಲಿ ಕೆಲಸ ಮಾಡುವವರಿಗೆ ಹುಟ್ಟಿದ ಮಕ್ಕಳ ಹೆಸರನ್ನೂ ಪಟ್ಟಿಗೆ ಸೇರಿಸುವುದು ಈ ಉದ್ಯಮದ ರೂಢಿ. ನನಗೆ ಇಷ್ಟವಾದ ರೂಢಿ. ಆದರೆ ನಾನು ಟೆಸ್ಟರ್, ಅಂದರೆ ಗೇಮ್‌ನಲ್ಲಿರುವ ತಪ್ಪು ಹುಡುಕುವವಳು, ಅದೂ ಬೇರೊಂದು ಕಂಪನಿಯ ಮೂಲಕ ಗುತ್ತಿಗೆಯ ಮೇಲೆ ಬಂದವಳು. ನಮ್ಮಂಥವರ ಜಾಗದಲ್ಲಿ ಗುತ್ತಿಗೆ ಕಂಪನಿಯ ಹೆಸರೊಂದೇ ಇದೆ. ಹುಡುಗನಿಗೆ ಇದನ್ನೆಲ್ಲ ಹೇಳಲು ಆಗಲಿಲ್ಲ. ಬೇಜಾರಾಯಿತು, ತುಂಬಾ.

"ಆಟ ಆಡೋಕೆ ಪಗಾರ ಕೊಡ್ತಾರೇನೇ?" ಅಂತ ಅಮ್ಮ ಬಳ್ಳಾರಿಯಿಂದ ಈಗಲೂ ಕೇಳುತ್ತಾಳೆ. ಆಟವಲ್ಲ ಅದು. ಆ ಗೇಮ್‌ನಲ್ಲಿ ಒಂದು ಸೇತುವೆ ಇದೆ. ಅದರ ಎಡಗಡೆ ಕಂಬದ ಹತ್ತಿರ ಕುದುರೆಯಿಂದ ಇಳಿದರೆ ಒಮ್ಮೊಮ್ಮೆ ಆಟಗಾರ ನೆಲದೊಳಗೇ ಬಿದ್ದು ಹೋಗುತ್ತಿದ್ದ. ಯಾವಾಗ ಬೀಳುತ್ತಾನೆ, ಯಾವಾಗ ಬೀಳಲ್ಲ, ಯಾರಿಗೂ ಗೊತ್ತಿಲ್ಲ. ಕುದುರೆ ಓಡಿಸಿ ಇಳಿದೆ, ನಿಲ್ಲಿಸಿ ಇಳಿದೆ, ಮಳೆಯಲ್ಲಿ ಇಳಿದೆ, ರಾತ್ರಿ ಮಾಡಿಕೊಂಡು ಇಳಿದೆ. ಕೊನೆಗೆ ಸಿಕ್ಕಿತು: ಕುದುರೆ ತಿರುಗುತ್ತಿರುವಾಗಲೇ ಬಟನ್ ಒತ್ತಿದರೆ ಮಾತ್ರ ಬೀಳುತ್ತಾನೆ. ಹಂತ ಹಂತವಾಗಿ ಬರೆದು, ವಿಡಿಯೋ ಸೇರಿಸಿ ಕಳಿಸಿದೆ. ಪ್ರೋಗ್ರಾಮರ್ ಸರಿ ಮಾಡಿದ. ಹೊಸ ಬಿಲ್ಡ್, ಅಂದರೆ ತಿದ್ದಿದ ಗೇಮ್, ಬಂತು, ಮತ್ತೆ ಅದೇ ಸೇತುವೆ, ಮತ್ತೆ ಅದೇ ಕುದುರೆ. ಬಿಡುಗಡೆ ಹತ್ತಿರವಾದಂತೆ ಶನಿವಾರ ಭಾನುವಾರಗಳೂ ಇದಕ್ಕೇ ಹೋದವು, ಇದನ್ನೇ ಇಲ್ಲಿ ಕ್ರಂಚ್ ಅನ್ನುತ್ತಾರೆ. ಆ ಹುಡುಗ ಆ ಸೇತುವೆಯನ್ನು ಎಷ್ಟು ಸಲ ದಾಟಿದ್ದಾನೋ, ಒಮ್ಮೆಯೂ ಬಿದ್ದಿಲ್ಲ.

ಕ್ರಂಚ್ ಹಳೆಯ ರೋಗ. 2004ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯ ಉದ್ಯೋಗಿಯೊಬ್ಬನನ್ನು ಮದುವೆಯಾಗಲಿದ್ದವಳು ಅವನ ಕೊನೆಯಿಲ್ಲದ ದುಡಿಮೆಯ ಬಗ್ಗೆ ಹೆಸರು ಹಾಕದೆ ಬರೆದ ಪತ್ರ ಇಡೀ ಉದ್ಯಮವನ್ನೇ ಅಲ್ಲಾಡಿಸಿತು. ಅದೇ ಹೊತ್ತಿನ ಓವರ್‌ಟೈಮ್ ದಾವೆಗಳಲ್ಲಿ ಕಂಪನಿ ಕಲಾವಿದರಿಗೆ 1.56 ಕೋಟಿ ಡಾಲರ್, ಪ್ರೋಗ್ರಾಮರ್‌ಗಳಿಗೆ 1.49 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಹೆಸರಿನ ಜಗಳ ಇನ್ನೂ ಹಳೆಯದು. ಅಟಾರಿ ಕಂಪನಿ ಗೇಮ್ ಮಾಡಿದವರ ಹೆಸರನ್ನೇ ಹಾಕುತ್ತಿರಲಿಲ್ಲ. ವಾರೆನ್ ರಾಬಿನೆಟ್ ಅನ್ನುವ ಪ್ರೋಗ್ರಾಮರ್ ತಾನು ಮಾಡಿದ 'ಅಡ್ವೆಂಚರ್' ಗೇಮ್‌ನಲ್ಲಿ ಯಾರಿಗೂ ಕಾಣದ ಒಂದು ಕೋಣೆ ಮಾಡಿ, ಅದರೊಳಗೆ ತನ್ನ ಹೆಸರು ಬಚ್ಚಿಟ್ಟ. 2021ರಲ್ಲಿ 'ಮೆಟ್ರಾಯ್ಡ್ ಡ್ರೆಡ್' ಅನ್ನುವ ಗೇಮ್ ಬಂದಾಗಲೂ ಮಧ್ಯದಲ್ಲೇ ಕೆಲಸ ಬಿಟ್ಟ ಕೆಲವರ ಹೆಸರು ಪಟ್ಟಿಯಲ್ಲಿರಲಿಲ್ಲ. ಗೇಮ್ ತಯಾರಾದ ಒಟ್ಟು ಅವಧಿಯಲ್ಲಿ ಶೇ. 25ರಷ್ಟಾದರೂ ದುಡಿದಿರಬೇಕು ಅನ್ನುವುದು ಅದನ್ನು ಮಾಡಿದ ಸ್ಟುಡಿಯೋದ ನಿಯಮವಾಗಿತ್ತು.

ಇದನ್ನೆಲ್ಲ ಯೋಚಿಸುತ್ತಾ ಕೂತರೆ ನನಗೆ ಬಳ್ಳಾರಿಯ ಕೌಲ್ ಬಜಾರ್ ನೆನಪಾಗುತ್ತದೆ. ನಮ್ಮ ಮಾಮ ಜೀನ್ಸ್ ಕಟಿಂಗ್ ಮಾಸ್ಟರ್. ದೀಪಾವಳಿ, ರಂಜಾನ್ ಸೀಸನ್ ಬಂತೆಂದರೆ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಬಟ್ಟೆಯ ಥಾನು ಒಂದರ ಮೇಲೊಂದು ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಮಷೀನು ಹಿಡಿದು ಅವನು ಕತ್ತರಿಸುತ್ತಿದ್ದರೆ ನೀಲಿ ಧೂಳು ಹುಬ್ಬಿನ ಮೇಲೆಲ್ಲ ಕೂರುತ್ತಿತ್ತು. ಕರೆಂಟ್ ಹೋದಾಗ ಮಾತ್ರ ಅವನ ಬೆನ್ನಿಗೆ ಬಿಡುವು. ಅತ್ತೆ ಮತ್ತು ಓಣಿಯ ಹೆಂಗಸರು ಹೊರಗೆ ಕಟ್ಟೆಯ ಮೇಲೆ ಕೂತು ದಾರ ಕತ್ತರಿಸುತ್ತಿದ್ದರು. ಎಲ್ಲರಿಗೂ ಪೀಸ್ ಲೆಕ್ಕದ ದುಡ್ಡು, ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಲೇಬಲ್‌ಗಳನ್ನು ನೂರು ನೂರು ಎಣಿಸಿ ಕಟ್ಟು ಕಟ್ಟುವುದು ಮಕ್ಕಳಾದ ನಮ್ಮ ಕೆಲಸ. ಒಂದರಲ್ಲೂ ಬಳ್ಳಾರಿಯ ಹೆಸರಿಲ್ಲ, ಮಾಮನ ಹೆಸರಂತೂ ದೂರದ ಮಾತು. ಅಷ್ಟು ಲೇಬಲ್ ಕೈಯಲ್ಲಿ ಹಿಡಿದರೂ ನಮ್ಮಲ್ಲಿ ಒಬ್ಬರೂ "ಯಾಕಿಲ್ಲ?" ಅಂತ ಕೇಳಲಿಲ್ಲ. ಇಲ್ಲಿಯ ಹುಡುಗ ಒಂದೇ ರಾತ್ರಿಗೆ ಕೇಳಿಬಿಟ್ಟ. ಮಾಡಿದವರ ಹೆಸರು ಇರಲೇಬೇಕು ಅಂತ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ, ನೋಡಿ ನೋಡಿ ಗೊತ್ತಾಗಿದೆ. ನಮಗೆ ಅದನ್ನು ನೋಡುವ ಅವಕಾಶವೇ ಸಿಗಲಿಲ್ಲ.

ನಮ್ಮ ನೆಲದಲ್ಲಿ ಇದು ಇರಲೇ ಇಲ್ಲ ಅಂತಲ್ಲ. ರಾಯಚೂರು ಜಿಲ್ಲೆಯ ಮಸ್ಕಿ ಶಾಸನದಲ್ಲಿ ಅಶೋಕನ ಹೆಸರಿದೆ ಅಂತ ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ನಮ್ಮ ಪಕ್ಕದ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅದೇ ಅಶೋಕನ ಶಾಸನದ ಕೊನೆಗೆ ಅದನ್ನು ಬರೆದ ಲಿಪಿಕಾರ ಚಪಡನ ಹೆಸರೂ ಇದೆ. ಕ್ರಿ.ಪೂ. 3ನೇ ಶತಮಾನದ ಮಾತು ಅದು. ಚಕ್ರವರ್ತಿಯ ಮಾತಿನ ಕೆಳಗೆ ಬರೆದವನ ಹೆಸರು! ನನಗೆ ಅದು ಬಹಳ ದೊಡ್ಡದಾಗಿ ಕಾಣುತ್ತದೆ.

ಮಾಮನ ಮಗ ಈಗ ಸ್ವಂತ ಯೂನಿಟ್ ಹಾಕಿದ್ದಾನೆ. ಮೊನ್ನೆ ಫೋನ್ ಮಾಡಿ, ಲೇಬಲ್ ಹಿಂದೆ ಕಟಿಂಗ್ ಮಾಡಿದವರ, ಹೊಲಿದವರ ಹೆಸರು ಹಾಕು ಅಂದೆ. "ಯಾರು ಓದ್ತಾರಕ್ಕಾ ಅದನ್ನ" ಅಂದ. ಓದುತ್ತಾರೆ ಅಂತ ಮೆಟ್ಟಿಲ ಹತ್ತಿರದ ಮಾತು ಹೇಳಿದೆ. ನೋಡೋಣ ಅಂದಿದ್ದಾನೆ. ನಾನು ಬಿಡುವವಳಲ್ಲ.

ಇಲ್ಲೂ ಸುಮ್ನೆ ಕೂರುತ್ತಿಲ್ಲ. 2022ರಲ್ಲಿ ಅಮೆರಿಕದ ಗೇಮ್ ಕಂಪನಿ ರೇವನ್ ಸಾಫ್ಟ್‌ವೇರ್‌ನ ಟೆಸ್ಟರ್‌ಗಳು 19-3 ಮತಗಳಿಂದ ಕಾರ್ಮಿಕ ಸಂಘ ಕಟ್ಟಿಕೊಂಡರು, ನಮ್ಮ ಗುಂಪಿನಲ್ಲೂ ಈಗ ಅದೇ ಮಾತು ನಡೆದಿದೆ. ಬಳ್ಳಾರಿ, ಕೊಪ್ಪಳದ ಕಡೆಯಿಂದ ಈ ಕೆಲಸಕ್ಕೆ ಬರಬೇಕೆಂದು ನನಗೆ ಮೆಸೇಜ್ ಮಾಡುವ ತಮ್ಮ ತಂಗಿಯರು ಪಗಾರ ಎಷ್ಟು, ವೀಸಾ ಹೇಗೆ ಅಂತ ಕೇಳುತ್ತಾರೆ. ಅದನ್ನು ಕೇಳಲೇಬೇಕು. ಅದರ ಜೊತೆಗೆ, ಬಿಡುಗಡೆಗೆ ಮುಂಚೆ ಕೆಲಸ ಬಿಟ್ಟರೂ ಹೆಸರು ಇರುತ್ತಾ, ಗುತ್ತಿಗೆಯವರ ಹೆಸರು ಹಾಕ್ತೀರಾ, ಜಾಸ್ತಿ ಗಂಟೆಗೆ ದುಡ್ಡಿದೆಯಾ ಅಂತಲೂ ಕೇಳಿ, ಸಹಿ ಹಾಕುವ ಮೊದಲೇ ಬರವಣಿಗೆಯಲ್ಲಿ ತಗೊಳ್ಳಿ. ನನ್ನ ಗುತ್ತಿಗೆ ಮುಂದಿನ ತಿಂಗಳು ಮುಗಿಯುತ್ತದೆ. ಹೊಸದಕ್ಕೆ ಈ ಮೂರನ್ನೂ ಬರೆದು ಕಳಿಸಿದ್ದೇನೆ.