ಹಡಗು ಹತ್ತಿದ ರೈಲು

ರೈಲು ಪಾಸ್ ಮುಗಿಯುತ್ತಾ ಬಂತು. ಬೇಸಿಗೆ ರಜೆಯೂ ಅಷ್ಟೇ. ಇಟಲಿಗೆ ಸೇರಿದ ಸಿಸಿಲಿ ದ್ವೀಪದ ಕತಾನಿಯಾದಲ್ಲಿ ಹಾಸ್ಟೆಲ್ ಮಹಡಿ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಒಗೆದ ಬಟ್ಟೆ ಹಗ್ಗದ ಮೇಲಿದೆ. ಗೆಳತಿ ಕೆಳಗೆ ನಿದ್ದೆ ಹೊಡೆಯುತ್ತಿದ್ದಾಳೆ. ಎಲ್ಲೆಲ್ಲಿ ಸುತ್ತಿದಿರಿ ಅಂತ ಯಾರಾದರೂ ಕೇಳಿದರೆ ಉದ್ದ ಪಟ್ಟಿಯನ್ನೇ ಕೊಡಬಹುದು. ಆದರೆ ಬರೆಯಲೇಬೇಕು ಅನ್ನಿಸಿದ್ದು ಇಟಲಿಯ ಮುಖ್ಯ ನೆಲಕ್ಕೂ ಸಿಸಿಲಿಗೂ ನಡುವೆ ಇರುವ ಸಣ್ಣ ಸಮುದ್ರದ ಬಗ್ಗೆ. ತೀರಾ ಕಿರಿದಾದ ಕಡೆ ಅದು ಮೂರು ಕಿಲೋಮೀಟರ್ ಚಿಲ್ಲರೆ, ಅಷ್ಟೇ.

ಮೊದಲು ಪಾಸ್ ವಿಷಯ. ನಾವಿಬ್ಬರೂ ಓದುವುದು ಜರ್ಮನಿಯಲ್ಲಿ. ಯೂರೋಪಿನಲ್ಲಿ ವಾಸ ಇರುವವರಿಗೆ ಇಂಟರ್‌ರೇಲ್ ಪಾಸ್ ಸಿಗುತ್ತದೆ, ಇಷ್ಟು ದಿನ ಅಂತ ಲೆಕ್ಕದಲ್ಲಿ ಹಲವು ದೇಶಗಳ ರೈಲು ಹತ್ತುವುದಕ್ಕೆ. ಇಂಡಿಯಾದಿಂದ ಬರುವವರಿಗೆ ಯೂರೇಲ್. ನಿಯಮಗಳು ಹೆಚ್ಚುಕಮ್ಮಿ ಒಂದೇ. ಇಂಟರ್‌ರೇಲ್ 1972ರಲ್ಲಿ ಶುರುವಾದಾಗ 21 ವರ್ಷದೊಳಗಿನವರಿಗೆ ಮಾತ್ರ ಇತ್ತು. ಈಗ ವಯಸ್ಸಿನ ಮಿತಿ ಇಲ್ಲ, 33 ದೇಶಗಳಲ್ಲಿ ನಡೆಯುತ್ತದೆ. ಬೆನ್ನಿಗೆ ಚೀಲ ಹಾಕಿಕೊಂಡ ಅಜ್ಜ ಅಜ್ಜಿಯರನ್ನು ದಾರಿಯುದ್ದಕ್ಕೂ ನೋಡಿದೆವು. ನಮಗಿಂತ ಚುರುಕು.

ಈ ಪಾಸ್‌ಗೆ ಒಂದು ಕೆಟ್ಟ ಗುಣ ಇದೆ. ಕೈಗೆ ಬಂದ ಕೂಡಲೇ ದುಡ್ಡು ವಸೂಲಿ ಮಾಡುವ ಚಟ ಹತ್ತಿಸುತ್ತದೆ. ಇವತ್ತು ಇಷ್ಟು ದೂರ ಹೋದರೆ ಲಾಭ, ಇಲ್ಲೇ ಉಳಿದರೆ ನಷ್ಟ ಅಂತ ತಲೆಯೊಳಗೆ ಲೆಕ್ಕ ಓಡುತ್ತಲೇ ಇರುತ್ತದೆ. ಬರ್ಲಿನ್, ಪ್ರಾಗ್, ವಿಯೆನ್ನಾ ಎಲ್ಲ ಹೀಗೇ ಉರುಳಿಹೋದವು. ಪ್ರಾಗ್‌ನ ಚಾರ್ಲ್ಸ್ ಸೇತುವೆ ಮೇಲೆ ನದಿಗಿಂತ ಜನರ ಬೆನ್ನು ನೋಡಿದ್ದೇ ಜಾಸ್ತಿ. ವಿಯೆನ್ನಾದಲ್ಲಿ ಎರಡು ಅರಮನೆ ನೋಡಿ, ಮೂರನೆಯದಕ್ಕೆ ಕಾಲು ಬರಲಿಲ್ಲ.

ಒಂದು ರಾತ್ರಿ ರೈಲಿನ ವಿಷಯ ಮಾತ್ರ ಹೇಳಲೇಬೇಕು. ಇನ್ನೂ ಹೊಟ್ಟೆ ಉರಿಯುತ್ತಿದೆ. ಯಾವ ದೇಶದ್ದು, ಯಾವ ಕಂಪನಿಯದ್ದು ಅನ್ನುವುದು ಬೇಡ. ಪಾಸ್ ಇದ್ದರೂ ಮಲಗುವ ಬರ್ತ್‌ಗೆ ಬೇರೆ ದುಡ್ಡು ಕಟ್ಟಬೇಕು. ಕಟ್ಟಿದ್ದೆವು. ಪ್ಲಾಟ್‌ಫಾರ್ಮ್‌ಗೆ ಬಂದು ನೋಡಿದರೆ ನಮ್ಮ ಬೋಗಿಯೇ ಇಲ್ಲ! ಕೆಟ್ಟಿದೆಯಂತೆ, ಜೋಡಿಸಿಲ್ಲವಂತೆ. ಕಂಡಕ್ಟರ್ ಸೀಟುಗಳ ಬೋಗಿ ಕಡೆ ಕೈ ತೋರಿಸಿ ಹೊರಟುಹೋದ. ಎದುರಿನವರ ಮೊಣಕಾಲಿಗೆ ನಮ್ಮ ಮೊಣಕಾಲು ತಾಗಿಸಿಕೊಂಡೇ ಬೆಳಗು ಮಾಡಿದೆವು. ದುಡ್ಡು ವಾಪಸ್ ಕೊಡಿ ಅಂತ ಇಮೇಲ್ ಮಾಡಿದರೆ, ಬೋಗಿ ಇರಲಿಲ್ಲ ಅನ್ನುವುದಕ್ಕೆ ಪುರಾವೆ ಕೊಡಿ ಅಂದರು. ಇಲ್ಲದ ಬೋಗಿಯ ಫೋಟೊ ತೆಗೆಯುವುದು ಹೇಗೆ ಸ್ವಾಮಿ? ನಿಮಗೂ ಹೀಗಾದರೆ ಕಂಡಕ್ಟರ್‌ನನ್ನು ಸುಮ್ನೆ ಬಿಡಬೇಡಿ. ಟಿಕೆಟ್ ಮೇಲೇ ಬರೆಸಿಕೊಳ್ಳಿ, ಸಹಿ ಹಾಕಿಸಿಕೊಳ್ಳಿ. ರಾತ್ರಿ ರೈಲಿನಲ್ಲಿ ಒಂದು ಅನುಕೂಲವೂ ಇದೆ. ಹೊರಡುವ ದಿನ ಮಾತ್ರ ಪಾಸ್‌ನಲ್ಲಿ ಲೆಕ್ಕಕ್ಕೆ ಬರುತ್ತದೆ, ಮುಟ್ಟುವ ದಿನ ಬರುವುದಿಲ್ಲ. ಆದರೆ ಮಧ್ಯರಾತ್ರಿ ದಾಟಿದ ಮೇಲೆ ಇನ್ನೊಂದು ರೈಲು ಹತ್ತಿದರೆ ಹೊಸ ದಿನ ಹೋಯಿತು ಅಂತಲೇ ಲೆಕ್ಕ.

ಆ ಸಿಟ್ಟು ಇಳಿದದ್ದು ಸ್ಲೊವೇನಿಯಾದಲ್ಲಿ. ಯೆಸೆನಿತ್ಸೆಯಿಂದ ನೋವಾ ಗೊರಿತ್ಸಾಗೆ ಹೋಗುವ ಬೆಟ್ಟದ ರೈಲು ದಾರಿ 1906ರದ್ದು. ಡೀಸೆಲ್ ರೈಲು ಆರಾಮವಾಗಿ ಹೋಗುತ್ತದೆ. ಸುರಂಗ, ಕಾಡು, ಹಸಿರು ನೀರಿನ ಸೋಚಾ ನದಿ. ಕೊನೆಗೆ ಸೋಲ್ಕಾನ್ ಸೇತುವೆ. ಕಲ್ಲಿನಲ್ಲಿ ಕಟ್ಟಿದ ಅದರ ಮುಖ್ಯ ಕಮಾನು 85 ಮೀಟರ್ ಅಗಲ. ಕಲ್ಲಿನ ರೈಲು ಸೇತುವೆಗಳಲ್ಲಿ ಇದಕ್ಕಿಂತ ದೊಡ್ಡ ಕಮಾನು ಜಗತ್ತಿನಲ್ಲಿ ಇಲ್ಲ. 1916ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಹಿಂದೆ ಸರಿಯುತ್ತಿದ್ದ ಆಸ್ಟ್ರಿಯಾದ ಸೈನಿಕರೇ ಅದನ್ನು ಸ್ಫೋಟಿಸಿದ್ದರು. ಮುಂದಿನ ದಶಕದಲ್ಲಿ ಮತ್ತೆ ಕಲ್ಲಿನಲ್ಲೇ ಕಟ್ಟಿದರು. ರೈಲಿನೊಳಗಿಂದ ಕಮಾನು ಕಾಣುವುದಿಲ್ಲ, ಅದು ಬೇಜಾರು. ಇಳಿದು ನಡೆದುಹೋಗಿ ನದಿ ದಂಡೆಯಿಂದ ನೋಡಬೇಕು.

ನೋವಾ ಗೊರಿತ್ಸಾ ನಿಲ್ದಾಣದ ಮುಂದಿನ ಚೌಕದ ನಡುವೆಯೇ ಗಡಿ ಹಾದುಹೋಗುತ್ತದೆ. ಅರ್ಧ ಚೌಕ ಸ್ಲೊವೇನಿಯಾ, ಅರ್ಧ ಇಟಲಿ. 2004ರವರೆಗೆ ಅಲ್ಲಿ ಬೇಲಿ ಇತ್ತು. ಈಗ ನೆಲದ ಮೇಲೆ ಒಂದು ಗುರುತು ಮಾತ್ರ. ವೀಸಾಕ್ಕಾಗಿ ಕಡತ ಹಿಡಿದು ಸಾಲಿನಲ್ಲಿ ನಿಂತು ಅಭ್ಯಾಸವಾದ ನಾವಿಬ್ಬರೂ ಆ ಗುರುತನ್ನು ಸುಮ್ಮಸುಮ್ಮನೆ ದಾಟಿ, ಮತ್ತೆ ವಾಪಸ್ ದಾಟಿ, ನಕ್ಕೆವು. ಆಮೇಲೆ ಚೀಲ ಹೊತ್ತು ಇಟಲಿ ಕಡೆಯ ಗೊರಿತ್ಸಿಯಾ ನಿಲ್ದಾಣಕ್ಕೆ ನಡೆದೇ ಹೋದೆವು. ವೆನಿಸ್ ಬಗ್ಗೆ ನನ್ನ ಹತ್ತಿರ ಹೇಳುವುದಕ್ಕೆ ಏನೂ ಇಲ್ಲ. ಚೆಂದ ಇದೆ, ಸೆಕೆ ಇದೆ, ಸಾಕು.

ಮಿಲಾನೊದಲ್ಲಿ ಸಿಸಿಲಿಗೆ ಹೋಗುವ ರಾತ್ರಿ ರೈಲು ಹತ್ತಿದೆವು. ಇಲ್ಲಿ ಬೋಗಿ ಇತ್ತು, ಬರ್ತೂ ಇತ್ತು. ನಮ್ಮ ಕ್ಯಾಬಿನ್‌ನಲ್ಲಿ ಒಬ್ಬ ಅಜ್ಜಿ, ಜೊತೆಗೆ ಹೈಸ್ಕೂಲು ವಯಸ್ಸಿನ ಮೊಮ್ಮಗ. ಅಜ್ಜಿಗೆ ಇಂಗ್ಲಿಷ್ ಬಾರದು, ನಮಗೆ ಇಟಾಲಿಯನ್ ಬಾರದು. ಮೊಮ್ಮಗ ಫೋನಿನಿಂದ ತಲೆ ಎತ್ತಿದಾಗಲೆಲ್ಲ ಮಾತುಕತೆ.

ಬೆಳಿಗ್ಗೆ ಎದ್ದಾಗ ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯಾದ ಕರಾವಳಿ. ಕಿಟಕಿಯ ಬಲಕ್ಕೆ ಸಮುದ್ರ, ಎಡಕ್ಕೆ ಬೆಟ್ಟ. ಬಿಸಿಲೇರಿದ ಮೇಲೆ ವಿಲ್ಲಾ ಸಾನ್ ಜೊವಾನ್ನಿ ಬಂತು. ನಮ್ಮ ರೈಲಿಗೆ ಇಟಲಿಯ ಮುಖ್ಯ ನೆಲ ಅಲ್ಲಿಗೆ ಮುಗಿಯುತ್ತದೆ. ಎಂಜಿನ್ ಬಿಚ್ಚಿದರು. ಎಸಿ ನಿಂತಿತು, ದೀಪ ಆರಿತು. ಸೆಕೆಯಲ್ಲಿ ಕೂತೇ ಇದ್ದೆವು. ಆಮೇಲೆ ಹಿಂದಿನಿಂದ ಬೇರೊಂದು ಎಂಜಿನ್‌ನ ತಳ್ಳು. ರೈಲು ನಿಧಾನಕ್ಕೆ, ನಡೆಯುವವರಿಗಿಂತಲೂ ನಿಧಾನಕ್ಕೆ, ಹಡಗಿನ ಬಾಯೊಳಗೆ ಹೋಯಿತು. ನಿಂತಿತು. ನಾಲ್ಕಾರು ಬೋಗಿ ಬಿಟ್ಟು ಎಂಜಿನ್ ಹಿಂದೆ ಹೋಯಿತು. ಉಳಿದ ಬೋಗಿಗಳನ್ನು ತಂದು ಪಕ್ಕದ ಹಳಿಗೆ ತಳ್ಳಿತು. ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು ಹಡಗಿನ ಹೊಟ್ಟೆಯೆಲ್ಲ ತುಂಬಿತು. ಕಿಟಕಿಯಲ್ಲಿ ನೋಡಿದರೆ, ಆಗ ತಾನೇ ನಮ್ಮ ಹಿಂದೆ ಇದ್ದ ಬೋಗಿಯ ಜನ ಈಗ ಪಕ್ಕದಲ್ಲಿದ್ದಾರೆ! ಒಬ್ಬರಿಗೊಬ್ಬರು ಕೈಬೀಸಿದೆವು.

ಸುಮ್ಮನೆ ಕೂತಿದ್ದ ಅಜ್ಜಿ ಎದ್ದರು. ಕೈಚೀಲ ತೆಗೆದುಕೊಂಡು ನಮಗೆ "ಬನ್ನಿ ಬನ್ನಿ" ಅಂತ ಸನ್ನೆ ಮಾಡಿದರು. ಬೋಗಿಯಿಂದ ಇಳಿದು, ಕಡಿದಾದ ಮೆಟ್ಟಿಲು ಹತ್ತಿ ಹಡಗಿನ ಮೇಲಕ್ಕೆ ಬಂದೆವು. ಗಾಳಿ ಅಂದರೆ ಗಾಳಿ. ಅಜ್ಜಿ ನೇರವಾಗಿ ಕ್ಯಾಂಟೀನ್‌ಗೆ ಹೋಗಿ ನಾಲ್ಕು ಅರಂಚೀನಿ ತಂದರು. ಅನ್ನದ ದಪ್ಪ ಉಂಡೆಯ ಒಳಗೆ ಹೂರಣ ತುಂಬಿ ಕರಿಯುತ್ತಾರೆ. ನಮ್ಮ ಬೋಂಡಾದ ದೊಡ್ಡಣ್ಣ ಅನ್ನಿ. ದುಡ್ಡು ಕೊಡಲು ಹೋದರೆ ಅಜ್ಜಿ ಕೈ ತಳ್ಳಿದರು.

"ಎಷ್ಟು ದೇಶ ನೋಡಿದಿರಿ?" ಮೊಮ್ಮಗನ ಮೂಲಕ ಕೇಳಿದರು. ಗೆಳತಿ ಬೆರಳು ಮಡಚಿ ಹೆಮ್ಮೆಯಿಂದ ಎಣಿಸಿದಳು.

"ನಾನು ಈ ರೈಲು ಮಾತ್ರ ನೋಡಿದ್ದು," ಅಂದರು ಅಜ್ಜಿ. ಗಂಡ 1960ರ ದಶಕದಲ್ಲಿ ಟೊರಿನೊದ ಕಾರು ಕಾರ್ಖಾನೆಗೆ ಕೆಲಸಕ್ಕೆ ಸೇರಿದರಂತೆ. ಆ ಕಾಲದಲ್ಲಿ ದಕ್ಷಿಣ ಇಟಲಿಯಿಂದ ಲಕ್ಷಾಂತರ ಜನ ಹೀಗೆ ಉತ್ತರಕ್ಕೆ ಹೋದರು. ವರ್ಷವೆಲ್ಲ ದುಡಿದು ಆಗಸ್ಟ್‌ನಲ್ಲಿ ಊರಿಗೆ. "ಆಗ ಸೀಟು ಎಲ್ಲಿ? ಕಾರಿಡಾರಿನಲ್ಲಿ ಸೂಟ್‌ಕೇಸ್ ಮೇಲೆ ಕೂತು ಬರ್ತಿದ್ವಿ. ಇವನ ಅಪ್ಪ ನನ್ನ ಕಾಲ ಮೇಲೇ ಮಲಗ್ತಿದ್ದ. ಹಡಗು ಬಂದ ಕೂಡಲೇ ಎಲ್ಲರೂ ಮೇಲಕ್ಕೆ ಓಡೋದು. ಇಡೀ ರೈಲಿಗೆ ರೈಲೇ ಇಲ್ಲಿ ನಿಂತು ತಿನ್ನುತ್ತಿತ್ತು."

ಈ ಜಲಸಂಧಿಗೆ ಸೇತುವೆ ಕಟ್ಟುವ ಮಾತು ದಶಕಗಳಿಂದ ನಡೆಯುತ್ತಲೇ ಇದೆ. ಯೋಜನೆಯ ಪ್ರಕಾರ ಎರಡು ಗೋಪುರಗಳ ನಡುವಿನ ಅಂತರವೇ 3,300 ಮೀಟರ್. ಇಲ್ಲಿ ಭೂಕಂಪದ ಭಯವೂ ಇದೆ. 1908ರ ಡಿಸೆಂಬರ್‌ನಲ್ಲಿ ಸಿಸಿಲಿ ದಡದ ಮೆಸ್ಸೀನಾ ನಗರ ನೆಲಸಮವಾಗಿತ್ತು. ಸೇತುವೆ ಬೇಕಾ ಬೇಡವಾ ಅಂತ ಅಜ್ಜಿಯನ್ನು ಕೇಳಿದೆ.

"ಯಾರಿಗೆ?" ಅಂದರು.

"ಬೇಗ ಬರಬಹುದಲ್ವಾ? ನಿಮ್ಮ ಮಗನಿಗೆ ಅನುಕೂಲ."

"ಅವನಾ? ಅವನು ವಿಮಾನದಲ್ಲಿ ಬರ್ತಾನೆ." ಮೊಮ್ಮಗ ಇದನ್ನು ಅನುವಾದಿಸುವಾಗ ಸ್ವಲ್ಪ ನಾಚಿಕೊಂಡ. ಅಜ್ಜಿ ಬಿಡಲಿಲ್ಲ. "ನೀವು ವಾಪಸ್ ಹೇಗೆ ಹೋಗ್ತೀರಿ?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ವಿಮಾನದ ಟಿಕೆಟ್ ಆಗಲೇ ಬುಕ್ ಆಗಿತ್ತು. ಅಜ್ಜಿ ಎಷ್ಟು ನಕ್ಕರೆಂದರೆ ಪಕ್ಕದವರೂ ತಿರುಗಿ ನೋಡಿದರು.

ಹಡಗು ಸಮುದ್ರ ದಾಟಲು ಅರ್ಧ ಗಂಟೆ ಹಿಡಿಯಿತೋ ಇಲ್ಲವೋ. ರೈಲನ್ನು ಹತ್ತಿಸಿ ಇಳಿಸುವುದಕ್ಕೇ ಅದಕ್ಕಿಂತ ಜಾಸ್ತಿ ಹೊತ್ತು. ಡೆನ್ಮಾರ್ಕ್–ಜರ್ಮನಿ ನಡುವೆಯೂ ಹಿಂದೆ ಹೀಗೇ ರೈಲು ಹಡಗು ಹತ್ತುತ್ತಿತ್ತು. 2019ರ ಕೊನೆಗೆ ಅದು ನಿಂತುಹೋಯಿತು. ಇಲ್ಲಿ ಮಾತ್ರ 19ನೇ ಶತಮಾನದ ಕೊನೆಗೆ ಶುರುವಾದದ್ದು ಇನ್ನೂ ನಡೆಯುತ್ತಿದೆ. ವಸೂಲಿ ಲೆಕ್ಕ ಹಾಕುವವರಿಗೆ ಇದು ಪಕ್ಕಾ ನಷ್ಟದ ಪ್ರಯಾಣ. ನನಗೆ ಮಾತ್ರ ಆ ಹೊತ್ತಿನಲ್ಲಿ ಒಂದು ಸಲವೂ ಗಡಿಯಾರ ನೋಡುವ ನೆನಪಾಗಲಿಲ್ಲ. ಮುಂದೆ ಹೋಗುವುದಕ್ಕೆ ಏನೂ ಇರಲಿಲ್ಲ, ರೈಲೇ ನಿಂತಿತ್ತಲ್ಲ.

ಮೆಸ್ಸೀನಾ ಬಂದರಿನ ಬಾಯಲ್ಲಿ ಎತ್ತರದ ಕಂಬದ ಮೇಲೆ ಚಿನ್ನದ ಬಣ್ಣದ ಮೇರಿಯಮ್ಮ ನಿಂತಿದ್ದಾಳೆ. ಕೆಳಗೆ ಗೋಡೆ ಮೇಲೆ ದೊಡ್ಡ ಲ್ಯಾಟಿನ್ ಅಕ್ಷರ. ಊರಿಗೆ ಅವಳ ಆಶೀರ್ವಾದ ಅದು. ಅಜ್ಜಿ ಎಣ್ಣೆಯ ಕೈ ಒರೆಸಿಕೊಂಡು, ಶಿಲುಬೆಯ ಗುರುತು ಮಾಡಿ, "ನಡೀರಿ, ಬೋಗಿ ಹೊರಟುಬಿಡುತ್ತೆ" ಅಂತ ಎಲ್ಲರಿಗಿಂತ ಮೊದಲು ಮೆಟ್ಟಿಲಿಳಿದರು.

ಮೆಸ್ಸೀನಾದಲ್ಲಿ ರೈಲು ಎರಡಾಗುತ್ತದೆ. ಕೆಲವು ಬೋಗಿ ಪಲೆರ್ಮೊಗೆ, ಕೆಲವು ಕತಾನಿಯಾ ಮೇಲೆ ಸಿರಾಕೂಸಾ ಕಡೆಗೆ. ಅಜ್ಜಿ ನಮ್ಮ ಕಡೆಯವರೇ. ಎಟ್ನಾ ಅಗ್ನಿಪರ್ವತದ ಬುಡದ ಜಾರ್ರೆಯಲ್ಲಿ ಇಳಿದರು. ಇಳಿಯುವ ಮುಂಚೆ ಒಂದು ಮಾತು ಹೇಳಿದರು. ಎಟ್ನಾವನ್ನು ಸುತ್ತುಹಾಕುವ ಒಂದು ಚಿಕ್ಕ ರೈಲಿದೆ, ಚಿರ್ಕುಮೆಟ್ನೆಆ ಅಂತ. 1890ರ ದಶಕದ ನ್ಯಾರೋಗೇಜ್. ಪಿಸ್ತಾಕ್ಕೆ ಹೆಸರಾದ ಬ್ರೊಂತೆ ಊರಿನ ಮೇಲೆ ಹಾದು, ಲಾವಾ ಹೆಪ್ಪುಗಟ್ಟಿದ ಕಪ್ಪು ನೆಲದ ನಡುವೆ ಹೋಗುತ್ತದೆ. "ಅದರಲ್ಲಿ ಹೋಗಿ. ನಿಮ್ಮ ಪಾಸ್ ಅಲ್ಲಿ ನಡೆಯಲ್ಲ," ಅಂದರು, ಅದೇ ಅದರ ಹೆಚ್ಚುಗಾರಿಕೆ ಅನ್ನುವ ಹಾಗೆ.

ಗೆಳತಿ ಮಲಗುವ ಮುಂಚೆ ಹಾಸ್ಟೆಲ್‌ನಲ್ಲಿ ನಮ್ಮಿಬ್ಬರಿಗೂ ಜಗಳ ಆಯಿತು. ಪಾಸ್‌ನಲ್ಲಿ ಉಳಿದಿರುವ ದಿನವನ್ನು ಹಾಳು ಮಾಡಬಾರದು, ಮೆಸ್ಸೀನಾ ಮೇಲೆ ಪಲೆರ್ಮೊಗೆ ಹೋಗಿಬರೋಣ ಅಂತ ಗೆಳತಿ. ದಿನ ಹೋದರೆ ಹೋಗಲಿ, ಚಿಕ್ಕ ರೈಲಿಗೇ ಹೋಗೋಣ ಅಂತ ನಾನು. ನಾಳೆ ಭಾನುವಾರ. ವಿಚಾರಿಸಿದರೆ ಚಿಕ್ಕ ರೈಲಿಗೆ ಭಾನುವಾರ ರಜೆಯಂತೆ. ಹಾಗಾಗಿ ನಾಳೆ ಪಲೆರ್ಮೊ, ಸೋಮವಾರ ಅಜ್ಜಿ ಹೇಳಿದ ರೈಲು. ಅದರ ಟಿಕೆಟ್ ದುಡ್ಡು ನಾನೇ ಕೊಡಬೇಕೆಂಬ ಷರತ್ತಿನ ಮೇಲೆ ಗೆಳತಿ ಒಪ್ಪಿದ್ದಾಳೆ.