ಆರು ಪೆನ್ನಿಗೆ ಒಂದಿಷ್ಟು ಜಾಗ

ಲಂಡನ್
ಮಾರ್ಚ್ 18, 2024, ಸೋಮವಾರ

ಮಧ್ಯಾಹ್ನದ ಮೀಟಿಂಗು ಮುಂದಕ್ಕೆ ಹೋಯಿತು. ಆಫೀಸಿನಿಂದ ಹತ್ತೇ ನಿಮಿಷದ ದಾರಿ, ಆದರೂ ಮೂರು ವರ್ಷದಿಂದ ‘ನಾಳೆ ನೋಡಿದರಾಯಿತು’ ಅಂದುಕೊಂಡೇ ಬಂದಿದ್ದೆ. ಇವತ್ತು ಅಂತೂ ಫ್ಲೀಟ್ ಸ್ಟ್ರೀಟಿನ ಸೇಂಟ್ ಬ್ರೈಡ್ಸ್ ಚರ್ಚಿಗೆ ಹೋಗಿಬಂದೆ. ಇವತ್ತೇ ಹೋಗಲು ಒಂದು ನೆಪವೂ ಇತ್ತು. 1664ರ ಮಾರ್ಚ್ 18ರಂದು, ದಿನಚರಿಯಿಂದಲೇ ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ತಮ್ಮ ಟಾಮ್‌ನನ್ನು ಮಣ್ಣು ಮಾಡಿದ್ದು ಇಲ್ಲಿ. (ಆಗಿನ ಪಂಚಾಂಗಕ್ಕೂ ಈಗಿನದಕ್ಕೂ ಹತ್ತು ದಿನ ವ್ಯತ್ಯಾಸ ಉಂಟು. ಇರಲಿ, ತಾರೀಕು ತಾರೀಕೇ.) ದಿನಚರಿ ಬರೆಯುವ ಚಟದವರಿಗೆಲ್ಲ ಪೀಪ್ಸ್ ಒಂಥರಾ ಹಿರಿಯಣ್ಣ.

ಪೀಪ್ಸ್ ಹುಟ್ಟಿದ್ದು ಚರ್ಚಿನ ಪಕ್ಕದ ಸಾಲ್ಸ್‌ಬರಿ ಕೋರ್ಟಿನಲ್ಲಿ, 1633ರಲ್ಲಿ. ಅಪ್ಪ ದರ್ಜಿ. ಸ್ಯಾಮ್ಯುಯೆಲ್‌ಗೆ ದೀಕ್ಷಾಸ್ನಾನ ಆದದ್ದೂ ಇದೇ ಚರ್ಚಿನಲ್ಲಿ. ತಮ್ಮ ಸತ್ತಾಗ, ಅಮ್ಮ ಪ್ರಾರ್ಥನೆಗೆ ಕೂರುತ್ತಿದ್ದ ಬೆಂಚಿನ ಹತ್ತಿರವೇ ಹೂಳಬೇಕೆಂದು ಗುಂಡಿ ತೋಡುವವನನ್ನು ಕರೆದುಕೊಂಡು ಜಾಗ ನೋಡಲು ಬಂದ. ನಡುಹಾದಿಯ ಕೆಳಗೆ ಆಗಲೇ ಹೆಣಗಳು ತುಂಬಿಹೋಗಿದ್ದವು. ಗುಂಡಿಯವನು ತಲೆ ಕೆಡಿಸಿಕೊಳ್ಳಲಿಲ್ಲ. ಆರು ಪೆನ್ನಿ ಕೊಟ್ಟರೆ ಅವನ್ನೆಲ್ಲ ಒತ್ತರಿಸಿ ನಿಮ್ಮ ತಮ್ಮನಿಗೆ ಜಾಗ ಮಾಡ್ತೀನಿ ಅಂದ. ಇನ್ನೂ ಪೂರ್ತಿ ಕೊಳೆಯದ ಹೆಣಗಳನ್ನು ಆಚೀಚೆ ಸರಿಸುವುದನ್ನು ಅವನು ದೊಡ್ಡ ಉಪಕಾರ ಅನ್ನುವ ಧಾಟಿಯಲ್ಲಿ ಹೇಳಿದ್ದನ್ನು ಪೀಪ್ಸ್ ಬೆರಗಾಗಿ ಬರೆದಿಟ್ಟಿದ್ದಾನೆ. ಓದುವಾಗ ನನ್ನ ಕಿವಿಗೆ ಬಿದ್ದದ್ದು ನಮ್ಮೂರ ಬಸ್ ಕಂಡಕ್ಟರ್ ದನಿ: ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರೀ, ಇನ್ನೊಬ್ರು ಬರ್ತಾರೆ.’

ಅವತ್ತು ಮಣ್ಣಿಗೆ ಒಂದು-ಎರಡು ಗಂಟೆಗೆ ಬನ್ನಿ ಅಂದರೆ ಜನ ಬಂದದ್ದು ನಾಲ್ಕು-ಐದಕ್ಕೆ. ಕರೆದದ್ದು 120 ಜನರನ್ನು, ಬಂದದ್ದು 150ರ ಹತ್ತಿರ. ತಲೆಗೆ ಆರು ಬಿಸ್ಕತ್ತು, ಜೊತೆಗೆ ಬೇಕಾದಷ್ಟು ವೈನು. ಸಂಜೆ ಮನೆಯಲ್ಲಿ ಸಿಂಪಿ, ಕೇಕು, ಚೀಸು ತಿನ್ನುತ್ತಾ ನಕ್ಕು ಹಗುರಾಗಿ, ಆಮೇಲೆ ಇಷ್ಟು ಬೇಗ ಇಷ್ಟು ನಗಬಾರದಿತ್ತು ಅಂತ ಅಳುಕು ಬೇರೆ. ಸಾವಿನ ಮನೆಯ ಊಟಕ್ಕೆ ಹೋಗಿ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡೂವರೆ ವರ್ಷ ಕಳೆಯುವುದರೊಳಗೆ, 1666ರ ಸೆಪ್ಟೆಂಬರಿನ ಮಹಾಬೆಂಕಿಯಲ್ಲಿ, ಆ ಚರ್ಚು ಸುಟ್ಟುಹೋಯಿತು. 1670ರ ದಶಕದಲ್ಲಿ ಕ್ರಿಸ್ಟೋಫರ್ ರೆನ್ ಹೊಸದು ಕಟ್ಟಿದ. ಈಗ ನಾವು ನೋಡುವ ಮೆಟ್ಟಿಲು ಮೆಟ್ಟಿಲಾದ ಗೋಪುರ 1701ರಿಂದ 1703ರ ನಡುವೆ ಎದ್ದದ್ದು, 234 ಅಡಿ. 1764ರಲ್ಲಿ ಸಿಡಿಲು ಹೊಡೆದು ಎಂಟು ಅಡಿ ಕಳೆದುಕೊಂಡಿತು. ಮದುವೆಯ ಅಂತಸ್ತಿನ ಕೇಕಿಗೆ ಈ ಗೋಪುರವೇ ಮಾದರಿ ಅನ್ನುವ ಕಥೆಯನ್ನು ಲಂಡನ್ನಿನ ಗೈಡುಗಳು ಹೇಳಿ ಹೇಳಿ ಸವೆಸಿದ್ದಾರೆ. ನಾನು ಬಿಡುತ್ತೇನೆ.

1940ರ ಡಿಸೆಂಬರ್ 29ರ ರಾತ್ರಿ ಜರ್ಮನ್ ಬಾಂಬುಗಳು ಬಿದ್ದು ಒಳಗಿನದೆಲ್ಲ ಬೂದಿಯಾಯಿತು. ಗಂಟೆಗಳು ಕರಗಿ ಬಿದ್ದವು. ಹೊರಗೋಡೆ, ಗೋಪುರ ನಿಂತವು. ಹೊಸದಾಗಿ ಕಟ್ಟುವ ಮೊದಲು 1952-53ರಲ್ಲಿ ಡಬ್ಲ್ಯೂ. ಎಫ್. ಗ್ರೈಮ್ಸ್ ಅಲ್ಲಿ ಅಗೆದರು. ಮರುವರ್ಷ ಇದೇ ಲಂಡನ್ನಿನಲ್ಲಿ ಮಿತ್ರ ದೇವರ ರೋಮನ್ ಗುಡಿಯನ್ನು ಹೊರತೆಗೆದು ಹೆಸರಾದವರೂ ಇವರೇ. ಪೂಜೆ ನಡೆಯುವ ಚರ್ಚಿನ ನೆಲವನ್ನು ಹೀಗೆ ಅಗೆಯಲು ಯಾರು ಬಿಟ್ಟಾರು? ಬಾಂಬು ಬಿದ್ದದ್ದರಿಂದ ಪುರಾತತ್ವದವರಿಗೆ ಬಾಗಿಲು ತೆರೆಯಿತು. ಹೀಗೆ ಬರೆಯಲು ಕೈ ಹಿಂಜರಿಯುತ್ತದೆ, ಆದರೆ ನಡೆದದ್ದು ಅದೇ.

ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋದೆ. ಈಗ ಅದೊಂದು ಸಣ್ಣ ಮ್ಯೂಸಿಯಂ. ಒಂದು ಕಡೆ ಕನ್ನಡಿ ಇಟ್ಟಿದ್ದಾರೆ. ಬಗ್ಗಿ ಅದರೊಳಗೆ ನೋಡಿದರೆ, ನೇರ ಕಣ್ಣಿಗೆ ಸಿಗದ ಮೂಲೆಯಲ್ಲಿ, ರೋಮನ್ ಕಾಲದ ನೆಲಹಾಸಿನ ತುಂಡು. ಇದು ರೋಮನ್ ಕೋಟೆಗೋಡೆಯಿಂದ ಹೊರಗೆ, ಫ್ಲೀಟ್ ಹೊಳೆಯ ಪಶ್ಚಿಮ ದಡದಲ್ಲಿದ್ದ ಜಾಗ. ಹೊಳೆ ಈಗ ರಸ್ತೆಯ ಅಡಿಯಲ್ಲಿ ಕೊಳವೆಯೊಳಗೆ ಹರಿಯುತ್ತಿದೆ. ರೋಮನ್ ಕಟ್ಟಡದ ಮೇಲೆ ಹಳೆಯ ಚರ್ಚಿನ ಕಲ್ಲು, ಅದರ ಮೇಲೆ ಇನ್ನೊಂದರದು, ಹೀಗೆ ಒಂದರ ಹೆಗಲ ಮೇಲೊಂದು ಕೂತಿವೆ. ಗೋಡೆಗಳೂ ಹೆಣಗಳ ಹಾಗೇ ಒತ್ತರಿಸಿಕೊಂಡು ಜಾಗ ಮಾಡಿಕೊಂಡಿವೆ.

ಬ್ರೈಡ್ ಅಂದರೆ ಇಲ್ಲಿ ಮದುವಣಗಿತ್ತಿ ಅಲ್ಲ, ಐರ್ಲೆಂಡಿನ ಕಿಲ್ಡೇರ್‌ನ ಸಂತ ಬ್ರಿಜಿಡ್. ಹಾಗಾಗಿ ಆಕೆಯ ಕಾಲಕ್ಕೇ ಒಯ್ದು, ಮೊದಲ ಚರ್ಚು 6ನೇ ಶತಮಾನದ್ದು ಅಂತ ಹೇಳಿಕೊಂಡು ಬರುವವರು ಬಹಳ. 1990ರ ದಶಕದಲ್ಲಿ ಗ್ರೈಮ್ಸ್ ಅವರ ದಾಖಲೆಗಳನ್ನು ಮತ್ತೆ ಬಿಚ್ಚಿ ಕೂತ ಪುರಾತತ್ವಜ್ಞರು, ಮೊದಲ ಚರ್ಚು ಬಹುಶಃ 11ನೇ ಶತಮಾನದ್ದು ಅಂದರು. ಐನೂರು ವರ್ಷ ಒಂದೇ ಏಟಿಗೆ ಹೋಯಿತು! ನಾನಂತೂ ಕಲ್ಲಿನ ಲೆಕ್ಕದ ಕಡೆ. ಊರ ದೇವಸ್ಥಾನವನ್ನು ಪಾಂಡವರ ಕಾಲಕ್ಕೆ ಒಯ್ದು ಕಟ್ಟುವುದನ್ನು ಚಿಕ್ಕಂದಿನಿಂದ ಕೇಳಿದವನು ನಾನು.

ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಮಾತ್ರ ಹೆಣದ ಲೆಕ್ಕವೇ. 1850ರ ದಶಕದಲ್ಲಿ, ಕಾಲರಾ ಭಯದಲ್ಲಿ, ಲಂಡನ್ ನಗರದೊಳಗೆ ಹೂಳುವುದನ್ನು ನಿಲ್ಲಿಸಿ ಈ ನೆಲಮಾಳಿಗೆಗಳನ್ನು ಮುಚ್ಚಿಬಿಟ್ಟರು. ಗ್ರೈಮ್ಸ್ ತೆರೆದಾಗ ಸಾವಿರಾರು ಜನರ ಮೂಳೆಗಳು ಸಿಕ್ಕವು. ಅವುಗಳಲ್ಲಿ 200ಕ್ಕೂ ಹೆಚ್ಚು ಜನರ ಶವಪೆಟ್ಟಿಗೆಯ ಮೇಲೆ ಲೋಹದ ಫಲಕ: ಹೆಸರು, ಸತ್ತ ದಿನ, ಆಗಿನ ವಯಸ್ಸು. ಅಗೆದಾಗ ಸಿಗುವ ಮೂಳೆಗೆ ಸಾಮಾನ್ಯವಾಗಿ ಹೆಸರೂ ಇರುವುದಿಲ್ಲ, ವಯಸ್ಸೂ ಇರುವುದಿಲ್ಲ. ಹಲ್ಲು, ಸೊಂಟದೆಲುಬು ನೋಡಿ ತಜ್ಞರು ಅಂದಾಜು ಹೇಳಬೇಕು. ಆ ಅಂದಾಜು ಎಷ್ಟು ಸರಿ ಅಂತ ಪರೀಕ್ಷಿಸಲು ಉತ್ತರ ಗೊತ್ತಿರುವ ಮೂಳೆ ಬೇಕಲ್ಲ, ಅದು ಇಲ್ಲಿದೆ. ಕಾದಂಬರಿಕಾರ, ಮುದ್ರಕ ಸ್ಯಾಮ್ಯುಯೆಲ್ ರಿಚರ್ಡ್‌ಸನ್ ಕೂಡ ಹೀಗೆ ಫಲಕದ ಸಮೇತ ಸಿಕ್ಕವನು. ಇನ್ನೊಂದು ಕಡೆ ಕಬ್ಬಿಣದ ಶವಪೆಟ್ಟಿಗೆ ಇಟ್ಟಿದ್ದಾರೆ. 19ನೇ ಶತಮಾನದ ಶುರುವಿನಲ್ಲಿ ವೈದ್ಯಕೀಯ ಶಾಲೆಗಳಿಗೆ ಮಾರಲು ಹೆಣ ಕದಿಯುವವರ ಕಾಟ ಇತ್ತು. ಒಡೆಯಲಾಗದ ಪೆಟ್ಟಿಗೆ ಕೊಳ್ಳುವಷ್ಟು ದುಡ್ಡಿದ್ದವರಿಗೆ ಅದರೊಳಗೆ ನೆಮ್ಮದಿ.

ಮೇಲೆ ಬಂದಾಗ ಬೆಳಕಿಗೆ ಕಣ್ಣು ಕುಕ್ಕಿತು. ಗಾಡ್‌ಫ್ರೀ ಆಲನ್ ವಿನ್ಯಾಸದಲ್ಲಿ ಮತ್ತೆ ಎದ್ದ ಚರ್ಚನ್ನು 1957ರ ಡಿಸೆಂಬರಿನಲ್ಲಿ ರಾಣಿ ಎಲಿಜಬೆತ್ ಸಮ್ಮುಖದಲ್ಲಿ ಮತ್ತೆ ಪ್ರತಿಷ್ಠೆ ಮಾಡಿದರು. ರೆನ್ ಕಾಲದ ಅಟ್ಟಣೆಗಳನ್ನು ಮತ್ತೆ ಕಟ್ಟಲಿಲ್ಲ. ಬೆಂಚುಗಳು ಎದುರುಬದುರಾಗಿ ಕೂತಿವೆ, ಒಂದೊಂದರ ಮೇಲೂ ಪತ್ರಕರ್ತರ ಹೆಸರು. ಪತ್ರಿಕೆಗಳು ಈ ಬೀದಿ ಬಿಟ್ಟು ದಶಕಗಳೇ ಆದರೂ ಅವರ ಚರ್ಚು ಇದೇ. ಪೀಠದ ಹಿಂದೆ ಗೋಡೆ ಕಮಾನಾಗಿ ಒಳಕ್ಕೆ ಬಾಗಿದ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಚಪ್ಪಟೆ ಗೋಡೆ, ಬರೀ ಬಣ್ಣದ ಕಣ್ಕಟ್ಟು. ಮೊದಲು ಮೋಸ ಅನಿಸಿತು, ಆಮೇಲೆ ಇಷ್ಟವಾಯಿತು. ಇದ್ದಷ್ಟು ಜಾಗದಲ್ಲಿ ಇನ್ನೇನು ಮಾಡುತ್ತಾರೆ?

ಬಾಗಿಲ ಹತ್ತಿರ ಕಾಣಿಕೆಯ ಯಂತ್ರ ಇತ್ತು. ಕಾರ್ಡು ತಾಗಿಸಿದೆ, ಐದು ಪೌಂಡು ಹೋಯಿತು. ಟಾಮ್ ಇಲ್ಲೇ ಎಲ್ಲೋ, ಯಾರ ಮಗ್ಗುಲಲ್ಲೋ. ಹೊರಗೆ ಸಣ್ಣ ಮಳೆ, ಕೊಡೆ ಆಫೀಸಿನಲ್ಲೇ ಬಿಟ್ಟಿದ್ದೆ.