ಎರಕ ಹೊಯ್ದವರ ಹೆಸರೂ ಬರೀಬೇಕು

ನನ್ನ ಡ್ರಾಯಿಂಗ್ ಕ್ಲಾಸಿಗೆ ಬರುವ ಹುಡುಗಿಯೊಬ್ಬಳು ಈ ಸಲ ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕಿದ್ದಾಳೆ. ಬೀದರ್‌ನ ಬಿದರಿ ಕೆಲಸದವರ, ಅಂದರೆ ಕಪ್ಪು ಲೋಹದ ಮೇಲೆ ಬೆಳ್ಳಿ ಕೂರಿಸುವವರ, ಮನೆ ಹುಡುಗಿ. ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್ ಅನ್ನೋ ಕಲಾ ಕಾಲೇಜಿನವರು 12ರಿಂದ 20 ಕೆಲಸಗಳನ್ನು ತೋರಿಸಿ ಅನ್ನುತ್ತಾರೆ. ಅಲ್ಲಿ ಪೋರ್ಟ್‌ಫೋಲಿಯೊನೇ, ಅಂದರೆ ಈ ಕೆಲಸಗಳ ಸಂಗ್ರಹವೇ, ಮುಖ್ಯ. ಎಲ್ಲ ವಿಷಯ ಕಲಿಸುವ ಕಾಲೇಜುಗಳಲ್ಲಿ ಹಾಗಲ್ಲ, ಬೇಕಿದ್ದರೆ ಕಳಿಸಬಹುದು. ಅಂಥ ಕಡೆ ಸಾಮಾನ್ಯವಾಗಿ ಕಲಾ ವಿಭಾಗದ ಮೇಷ್ಟ್ರುಗಳೇ ನೋಡುತ್ತಾರೆ. ಹಾಗಾಗಿ ಸಾಧಾರಣ ಕೆಲಸ ಕಳಿಸೋದಕ್ಕಿಂತ ಸುಮ್ನಿರೋದೇ ಮೇಲು.

ಇವಳ ಸ್ಕೆಚ್‌ಗಳ ಬಗ್ಗೆ ನನಗೆ ಚಿಂತೆ ಇರಲಿಲ್ಲ. ಕೋಟೆಯ ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿಗೆ ಕೂರಿಸಿದ ಮುತ್ತಿನ ಚಿಪ್ಪು ನೋಡಿ ಬರೆದವು ಬಹಳ ಚೆನ್ನಾಗಿವೆ. ತಲೆ ಕೆಡಿಸಿದ್ದು ಬಿದರಿ ಹೂಜಿಯ ಫೋಟೋ.

ಕಪ್ಪು ಮೈ, ಅದರ ಮೇಲೆ ಬೆಳ್ಳಿ. ಫ್ಲ್ಯಾಷ್ ಹಾಕಿದರೆ ಬೆಳ್ಳಿಯೆಲ್ಲ ಬರೀ ಹೊಳಪು, ಕಪ್ಪು ಹೋಗಿ ಬೂದಿ ಬಣ್ಣ. ಕೊನೆಗೆ ಬಾಗಿಲ ಹತ್ತಿರ, ಬಿಸಿಲು ನೇರ ಬೀಳದ ಕಡೆ ಇಟ್ಟೆವು. ಎದುರಿಗೆ ನಾನು ಬಿಳಿ ಡ್ರಾಯಿಂಗ್ ಶೀಟ್ ಹಿಡಿದು ನಿಂತೆ. ಕುತ್ತಿಗೆ ಮೇಲಿನ ಬಳ್ಳಿಯ ಒಂದೊಂದು ಎಲೆಯೂ ಬಿಡಿಬಿಡಿಯಾಗಿ ಕಂಡಿತು. ಪೂರ್ತಿ ಹೂಜಿದು ಒಂದು ಫೋಟೋ, ಬಳ್ಳಿಯದ್ದೇ ಇನ್ನೊಂದು.

ಆಮೇಲೆ ಫೋಟೋ ಜೊತೆಗೆ ಹೂಜಿಯ ವಿವರ ಬರೆಯೋದು. ಬಿದರಿ ಒಬ್ಬರ ಕೈಯ ಕೆಲಸ ಅಲ್ಲ. ಸತು, ತಾಮ್ರ ಕರಗಿಸಿ ಎರಕ ಹೊಯ್ದದ್ದು ಅವಳ ಅಬ್ಬಾ. ಅರ ಹಾಕಿ ನುಣುಪು ಮಾಡಿದ್ದು ಚಾಚಾ. ಬಳ್ಳಿ ಬರೆದು, ಉಳಿಯಲ್ಲಿ ಕೊರೆದು, ಬೆಳ್ಳಿ ತಂತಿ ಬಡಿದು ಕೂರಿಸಿದ್ದು ಇವಳು. ಕೋಟೆ ಮಣ್ಣು, ನವಸಾಗರ ಹಚ್ಚಿ ಕಪ್ಪು ಮಾಡಿದ್ದು ಮತ್ತೆ ಅಬ್ಬಾ.

ಪರಿಚಯದವರೊಬ್ಬರು, ಎಲ್ಲಾ ತನ್ನದೇ ಅಂತ ಬರೀಲಿ, ಯಾರು ಕೇಳ್ತಾರೆ ಅಂದರು. ನನಗೆ ಸಿಟ್ಟು ಬಂತು. ನಾನು ಬಾಯಿ ತೆಗೆಯುವ ಮೊದಲೇ ಅವಳು ಕೇಳಿದಳು: "ಅಬ್ಬಾ ಹೊಯ್ದದ್ದನ್ನ ನಂದು ಅಂತ ಹೆಂಗ ಬರೀಲಿ ಸರ್?"

ಯಾರು ಏನು ಮಾಡಿದರು ಅಂತ ನೇರವಾಗಿ ಬರೆದಳು. ಓದಿದರೆ ಕೊರೆದ ಕೆಲಸ ಪೂರ್ತಿ ಅವಳದೇ ಅನ್ನೋದು ಇನ್ನೂ ಜಾಸ್ತಿ ಎದ್ದು ಕಾಣುತ್ತದೆ, ಅಲ್ವಾ? ಮನೆಯಲ್ಲಿ ಓದಿ ಹೇಳಿದಾಗ ಅಬ್ಬಾ ಒಂದೇ ತಿದ್ದುಪಡಿ ಹೇಳಿದರಂತೆ. ಬರೀ ಕೋಟೆ ಮಣ್ಣು ಅಂದರೆ ಸಾಲದು, ಬಿಸಿಲು ಮಳೆ ತಾಗದ ಜಾಗದ ಮಣ್ಣು ಅಂತ ಹಾಕು. ಅದನ್ನೂ ಸೇರಿಸಿ, ಗಡುವಿಗೆ ಮೊದಲೇ ಕಳಿಸಿದಳು.